ಬಯಲಾಗ ಸೂರೆಲ್ಲೈತಿ?

ಅಕ್ಕ: ಬಾರೊ ತಮ್ಮಾ, ಒಳಗ ಬಾ. ಚಪ್ಪಲಿ ಅಲ್ಲೇ ಬಿಡು, ಅಂಗಳ ಇನ್ನಾ ರಾಡಿ ಐತಿ. ಎಲ್ಲಿ ಹೋಗಿದ್ದಿ ಇಷ್ಟು ದಿನ?

ತಮ್ಮ: ಹರಪನಹಳ್ಳಿ ಕಡೆ ಹಳ್ಳಿಗಳಲ್ಲೇ ಇದ್ದೆನಕ್ಕಾ. ಬೆಳಿಗ್ಗೆ ನೆಲಕ್ಕೆ ಮಲಗಿದ ಬಾಳೆ ನೋಡಿ ಬರೆದುಕೊಳ್ಳೋದು, ಮಧ್ಯಾಹ್ನ ಹಾರಿಹೋದ ತಗಡು ಎಣಿಸೋದು, ನಾಲ್ಕು ಗಂಟೆ ಆಗ್ತಿದ್ದಂಗೆ ಮತ್ತೆ ಮೋಡ. ಒಂದು ಊರಿನ ಪಂಚನಾಮೆ ಮುಗಿಯೋದರೊಳಗೆ ಇನ್ನೊಂದು ಊರಿಂದ ಫೋನು. ಗ್ರಾಮ ಆಡಳಿತ ಅಧಿಕಾರಿ ಕೆಲಸ ಏನು ಅಂತ ಈ ವಾರ ಗೊತ್ತಾಯ್ತು.

ಅಕ್ಕ: ಭರಣಿ ಅಲ್ಲೇನು, ಬಂದ್ರ ಹಿಂಗ ಬರೋದು. ಭರಣಿ ಮಳಿ ಬಂದ್ರ ಧರಣಿಯೆಲ್ಲಾ ಬೆಳಿ ಅಂತಿದ್ಲು ನಮ್ಮತ್ತಿ. ಅಶ್ವಿನಿ ಬಂದ್ರ ಮಾತ್ರ ಮುಖ ಸಣ್ಣದು ಮಾಡ್ತಿದ್ಲು. ಅದು ಸಸ್ಯನಾಶಿನಿ.

ತಮ್ಮ: ಎರಡಕ್ಕೂ ನಡುವೆ ಇರೋದು ಎಷ್ಟು ದಿನ ಅಕ್ಕಾ? ಅಶ್ವಿನಿ ಏಪ್ರಿಲ್ ನಡುವಿಗೆ ಹುಟ್ಟುತ್ತೆ, ಭರಣಿ ಏಪ್ರಿಲ್ ಕೊನೆಗೆ. ಎರಡು ವಾರದೊಳಗೆ ಅದೇ ಮಳೆ ನಾಶದಿಂದ ಬೆಳೆಗೆ ತಿರುಗುತ್ತಾ?

ಅಕ್ಕ: ಮಳಿ ತಿರುಗಂಗಿಲ್ಲ, ಹೊಲ ತಿರುಗಿರ್ತೈತಿ. ಅಶ್ವಿನಿ ಹೊತ್ತಿನಾಗ ತುಂಗಭದ್ರಾ ಹೊಳಿ ಸಾಲಿಗೆ ಬ್ಯಾಸಗಿ ಬತ್ತ ತೆನಿ ಬಾಗಿ ನಿಂತಿರ್ತೈತಿ. ಮಾವಿನ ಗಿಡದಾಗ ಕಾಯಿ. ಕೂಡ್ಲಿಗಿ ಕಡೆ ಮನಿಮನಿ ಮುಂದ ಹುಣಸಿಹಣ್ಣು ಹರವಿರ್ತಾರ. ಅದರ ಮ್ಯಾಲ ಬಿದ್ದ ಹನಿ ಒಂದೊಂದೂ ನಷ್ಟ. ಹದಿನೈದು ದಿನ ಕಳೀಲಿ, ಕಾಳು ಚೀಲ ಸೇರಿರ್ತೈತಿ, ಹೊಲ ಬರೇ ಬಯಲು. ಆಗ ಬಿದ್ದದ್ದೆಲ್ಲಾ ನೆಲಕ್ಕ. ನನ್ನ ಮಸಾರಿ ಹೊಲ ನೋಡಿ ಬಾ, ಗೇಣುದ್ದ ಹಸಿ ಇಳದೈತಿ. ನಿನ್ನೆ ಟ್ರ್ಯಾಕ್ಟರ್‌ನವನಿಗೆ ಹೇಳೇನಿ.

ತಮ್ಮ: ನಿನ್ನ ಮುಖದಲ್ಲೇ ಕಾಣ್ತಿದೆ. ನಾನು ವಾರವೆಲ್ಲಾ ಅಳೋರನ್ನೇ ನೋಡಿ ಬಂದೋನು, ಇಲ್ಲಿ ನಗೋರನ್ನ ನೋಡಿ ಒಂದು ಗಳಿಗೆ ಏನು ಮಾತಾಡಬೇಕೋ ತಿಳೀಲಿಲ್ಲ.

ಅಕ್ಕ: ಎರಡೂ ಖರೇನೇ. ನನ್ನ ತವರು ಹಡಗಲಿ ಕಡೆ ಅಲ್ಲೇನು, ಅಲ್ಲಿ ನನ್ನ ಒಡಹುಟ್ಟಿದ ತಮ್ಮನ ಹೆಂಡ್ತಿ ಮಲ್ಲಿಗಿ ತ್ವಾಟ ಹಾಕ್ಯಾಳ. ನಸುಕಿನಾಗ ಎದ್ದು ಮೊಗ್ಗು ಬಿಡಿಸಿ ಬಸ್ಸಿಗೆ ಕೊಡಬೇಕು. ರಾತ್ರಿ ಮಳಿ ಹೊಡೆದ್ರ ಮೊಗ್ಗಿಗೆ ಕಲಿ ಬೀಳ್ತೈತಿ, ಹಸಿ ಹೂವು ದಾರಿಯಾಗ ಕೆಂಪಾಗ್ತೈತಿ. ಹಡಗಲಿ ಮಲ್ಲಿಗಿಗೆ ಸರ್ಕಾರದ ಅದೇನೋ ಗುರುತು ಸಿಕ್ಕೈತಂತ.

ತಮ್ಮ: ಭೌಗೋಳಿಕ ಸೂಚಿಕೆ. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ ಜೊತೆಗೆ ಹಡಗಲಿ ಮಲ್ಲಿಗೆಗೂ ಇದೆ.

ಅಕ್ಕ: ಗುರುತು ಇದ್ರೂ ಮಳ್ಯಾಗ ತೊಯ್ದ ಮೊಗ್ಗಿಗೆ ರೇಟಿಲ್ಲ. ಮೊನ್ನೆ ಫೋನಿನಾಗ ಆಕಿ ಅಳತಿದ್ಲು, ನಾನು ಇತ್ಲಾಗ ಹಸಿ ಆಗೇತಿ ಅಂತ ಖುಷಿಯಾಗಿದ್ದೆ. ಒಂದೇ ಮಳಿ ತಮ್ಮಾ, ಒಂದೇ ಸಂಜಿ. ಬ್ಯಾಸರಾತು ನನಗ.

ತಮ್ಮ: ಅದೂ ಒಂದೇ ಮಳೆ ಅಂತ ಹೇಳೋಕಾಗಲ್ಲಕ್ಕಾ. ಇಲ್ಲೇ ನನಗೆ ತಲೆ ಕೆಡೋದು. ಬೇಸಿಗೆಯ ಈ ಗುಡುಗು ಮೋಡ ಕೆಲವೇ ಮೈಲಿ ಅಗಲ ಇರೋದು. ಒಂದು ಊರಿಗೆ ಎರಡು ಇಂಚು ಸುರಿದು, ಹಳ್ಳದ ಆಚೆ ಊರಿಗೆ ಧೂಳು ಎಬ್ಬಿಸಿ ಹೋಗಿಬಿಡುತ್ತೆ. ಮಾರನೇ ದಿನ ಪೇಪರಲ್ಲಿ ತಾಲ್ಲೂಕಿನ ಸರಾಸರಿ ಬರುತ್ತೆ, ಇಷ್ಟು ಮಿಲಿಮೀಟರ್ ಅಂತ. ಆ ಸರಾಸರಿ ಮಳೆ ಯಾರ ಹೊಲದಲ್ಲೂ ಬಿದ್ದಿರೋದಿಲ್ಲ.

ಅಕ್ಕ: ಊರೂರಿಗೆ ಮಳಿ ಅಳೆಯೋ ಡಬ್ಬಿ ಇಟ್ಟಾರಲ್ಲ, ಪಂಚಾಯ್ತಿ ಹತ್ರ ಬೇಲಿ ಹಾಕಿ?

ತಮ್ಮ: ಇಟ್ಟಿದ್ದಾರೆ. ಅದು ನಮ್ಮ ರಾಜ್ಯ ಮಾಡಿರೋ ದೊಡ್ಡ ಕೆಲಸ, ಹೇಳಲೇಬೇಕು. 1988ರಲ್ಲಿ ಬರ ಪರಿಸ್ಥಿತಿ ನೋಡಿಕೊಳ್ಳೋಕೆ ಅಂತ ಬೆಂಗಳೂರಲ್ಲಿ ಒಂದು ಸಣ್ಣ ಘಟಕ ಶುರುವಾಯ್ತು, ದೇಶದಲ್ಲೇ ಮೊದಲನೆಯದು. ಅದೇ ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ರಾಜ್ಯದಾದ್ಯಂತ ಆರೂವರೆ ಸಾವಿರ ಮಳೆ ಮಾಪಕ, ಪಂಚಾಯ್ತಿಗೊಂದು, ಹದಿನೈದು ನಿಮಿಷಕ್ಕೊಮ್ಮೆ ತಾನೇ ಲೆಕ್ಕ ಕಳಿಸುತ್ತೆ. ಆದರೂ ಒಂದು ಪಂಚಾಯ್ತಿಗೆ ನಾಲ್ಕಾರು ಹಳ್ಳಿ. ಮಾಪಕ ಇರೋ ಊರಿಗೆ ಬೀಳದೆ ಪಕ್ಕದ ಹಳ್ಳಿಗೆ ಆಲಿಕಲ್ಲು ಬಿದ್ದರೆ ಕಾಗದದಲ್ಲಿ ಅಲ್ಲಿ ಬಿಸಿಲೇ. ಹವಾಮಾನ ಇಲಾಖೆ ಲೆಕ್ಕದಲ್ಲಿ ಎರಡೂವರೆ ಮಿಲಿಮೀಟರ್ ಆಗದಿದ್ದರೆ ಅದು ಮಳೆ ದಿನವೇ ಅಲ್ಲ.

ಅಕ್ಕ: ನನಗ ಮಿಲಿಮೀಟರ್ ತಿಳಿಯಂಗಿಲ್ಲ. ಇಂಚಿನಾಗ ಹೇಳು.

ತಮ್ಮ: ಒಂದು ಇಂಚು ಅಂದ್ರೆ ಇಪ್ಪತ್ತೈದು ಮಿಲಿಮೀಟರ್. ನಿನ್ನ ಒಂದು ಎಕರೆ ಮೇಲೆ ಒಂದು ಇಂಚು ಬಿತ್ತು ಅಂದರೆ ಒಂದು ಲಕ್ಷ ಲೀಟರ್ ನೀರು ಬಿತ್ತು ಅಂತ ಅರ್ಥ.

ಅಕ್ಕ: ಒಂದು ಲಕ್ಷ! ಬೋರಿನಾಗ ಎರಡಿಂಚು ನೀರು ಬಂದ್ರ ಊರಿಗೆಲ್ಲಾ ಹೇಳ್ಕೊಂಡು ಬರ್ತೀವಿ. ಇದನ್ನ ಯಾರೂ ಲೆಕ್ಕಕ್ಕ ಹಿಡಿಯಂಗಿಲ್ಲ ನೋಡು. ಹೊಲಕ್ಕ ಬದು ಇಲ್ಲಂದ್ರ ಒಂದು ತಾಸಿನಾಗ ಹಳ್ಳದ ಪಾಲು. ಮಸಾರಿ ನೆಲ ನೀರು ಬ್ಯಾಗ ಕುಡಿತೈತಿ, ಬ್ಯಾಗ ಬಿಡ್ತೈತಿ. ಎರಿ ಹೊಲದವರು ಒಂದು ಮಳಿ ಹಿಡಿದು ತಿಂಗಳು ಕುಂದ್ರತಾರ, ನಮಗ ವಾರಕ್ಕೊಮ್ಮಿ ಹನಿ ಬೇಕು.

ತಮ್ಮ: ಹಳೇ ಲೆಕ್ಕ ತೆಗೆದು ನೋಡಬೇಕು ಅಂತ ನನಗೊಂದು ಆಸೆ ಇದೆ. ಆದರೆ ಅದು ಎಷ್ಟು ಕಷ್ಟ ನೋಡು. ಹರಪನಹಳ್ಳಿ ಮೊದಲು ಬಳ್ಳಾರಿ ಜಿಲ್ಲೆ. 1997ರಲ್ಲಿ ದಾವಣಗೆರೆಗೆ ಹೋಯ್ತು. 2018ರಲ್ಲಿ ತಿರುಗಿ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆ. ಒಂದೇ ನೆಲದ ಮಳೆ ಮೂರು ಜಿಲ್ಲೆ ಪುಸ್ತಕದಲ್ಲಿ ಹರಿದು ಹಂಚಿದೆ. ಕೊಟ್ಟೂರಿನದು ಬಹಳ ಕಾಲ ಕೂಡ್ಲಿಗಿ ಜೊತೆಗೇ ಇತ್ತು. ನಿಮ್ಮತ್ತೆ ಕಂಡ ಭರಣಿಗೂ ನೀನು ಕಂಡ ಭರಣಿಗೂ ಏನು ವ್ಯತ್ಯಾಸ ಅಂತ ಅಂಕಿಯಲ್ಲಿ ತೋರಿಸಬೇಕಾದರೆ ಆ ಹಾಳೆಗಳನ್ನೆಲ್ಲಾ ಯಾರಾದರೂ ಕೂತು ಹೊಲಿಯಬೇಕು. ಮಾಡಬೇಕಾದ ಕೆಲಸ ಅದು.

ಅಕ್ಕ: ವ್ಯತ್ಯಾಸ ಐತಿ ಅಂತ ನಾನು ಹೇಳ್ತೀನಿ. 2023ರಾಗ ಮುಂಗಾರು ಕೈ ಕೊಟ್ಟಾಗ ಎಮ್ಮಿ ಮಾರಿದ್ವಿ. ಎರಡು ವರ್ಷಕ್ಕ ಹೊಳ್ಳಿ ನೋಡಿದ್ರ ಮೇ ತಿಂಗಳ ತುಂಬಾ ಮಳಿ, ಹೊಲ ಆರಲಿಲ್ಲ. ಹದಕ್ಕ ಕಾಯೋದೇ ಆತು, ಕಳೆ ಮೊಣಕಾಲಿಗೆ ಬಂತು.

ತಮ್ಮ: ಎರಡೂ ಕಾಗದದಲ್ಲಿ ಇವೆ. 2023ರಲ್ಲಿ ರಾಜ್ಯದ 236 ತಾಲ್ಲೂಕಿನಲ್ಲಿ 223 ಬರಪೀಡಿತ ಅಂತ ಘೋಷಣೆ ಆಯ್ತು. 2025ರಲ್ಲಿ ಮುಂಗಾರು ಪೂರ್ವದ ಮೂರು ತಿಂಗಳಲ್ಲಿ ರಾಜ್ಯಕ್ಕೆ ವಾಡಿಕೆ 115 ಮಿಲಿಮೀಟರ್, ಬಿದ್ದದ್ದು 286. ನೂರಿಪ್ಪತ್ತೈದು ವರ್ಷದಲ್ಲೇ ಹೆಚ್ಚು ಅಂದರು. ಆ ವರ್ಷ ಕೇರಳಕ್ಕೆ ಮುಂಗಾರು ಮೇ 24ಕ್ಕೇ ಕಾಲಿಟ್ಟಿತ್ತು, ವಾಡಿಕೆಗಿಂತ ಎಂಟು ದಿನ ಮೊದಲು.

ಅಕ್ಕ: ಮಳಿ ಬಿಡು, ಈ ಗಾಳಿ ಹೇಳು ನನಗ. ಮಳಿ ಬರೋಕಿಂತ ಮೊದಲೇ ಗಾಳಿ ಬಂದು ಎಲ್ಲಾ ಮುರದು ಹೋಗಿರ್ತೈತಿ. ಆಮ್ಯಾಲ ನಾಲ್ಕು ಹನಿ. ಮಲೆನಾಡಿನಾಗ ಅಷ್ಟು ಮಳಿ ಬರ್ತೈತಿ, ಈ ಪರಿ ಗಾಳಿ ಯಾಕಿಲ್ಲ?

ತಮ್ಮ: ನಮ್ಮ ನೆಲ ಒಣಗಿರೋದೇ ಕಾರಣ. ಬೇಸಿಗೆಯಲ್ಲಿ ಇಲ್ಲಿ ನಲವತ್ತು ಡಿಗ್ರಿ ದಾಟುತ್ತೆ. ಮಹಾರಾಷ್ಟ್ರದ ಕಡೆಯಿಂದ ನಮ್ಮ ಒಳನಾಡಿನ ಮೇಲೆ ಹಾದು ತಮಿಳುನಾಡಿನವರೆಗೆ ಗಾಳಿ ಎರಡು ಕಡೆಯಿಂದ ಬಂದು ಸೇರೋ ಒಂದು ಸಾಲು ಬೀಳುತ್ತೆ. ಒಂದು ಕಡೆಯದು ಒಣ ಗಾಳಿ, ಇನ್ನೊಂದು ಕಡಲಿನ ಹಸಿ ಗಾಳಿ. ಕಾದ ನೆಲದ ಮೇಲೆ ಆ ಹಸಿ ಗಾಳಿ ನೆಟ್ಟಗೆ ಮೇಲೇಳುತ್ತೆ, ಹತ್ತು ಹನ್ನೆರಡು ಕಿಲೋಮೀಟರ್ ಎತ್ತರಕ್ಕೆ. ಐದು ಕಿಲೋಮೀಟರ್ ದಾಟಿದ ಮೇಲೆ ಅಲ್ಲೆಲ್ಲಾ ಮಂಜುಗಡ್ಡೆಯ ಚಳಿ, ಆಲಿಕಲ್ಲು ಕಟ್ಟೋದು ಅಲ್ಲಿ. ಇನ್ನು ಮೋಡದಿಂದ ಹನಿ ಕೆಳಗಿಳಿಯುತ್ತಲ್ಲ, ಕೆಳಗಿನ ಗಾಳಿ ಕಾದು ಒಣಗಿರೋದರಿಂದ ಅರ್ಧ ಹನಿ ದಾರಿಯಲ್ಲೇ ಆವಿಯಾಗುತ್ತೆ. ಹಾಗೆ ಆವಿಯಾಗುವಾಗ ಸುತ್ತಲಿನ ಗಾಳಿಯ ಶಾಖ ಎಳೆದುಕೊಳ್ಳುತ್ತೆ. ತಣ್ಣಗಾದ ಗಾಳಿ ಭಾರ. ಅದು ಒಮ್ಮೆಲೇ ಕೆಳಗೆ ಬೀಳುತ್ತೆ. ತುಂಬಿದ ಕೊಡ ನೆಲಕ್ಕೆ ಬೋರಲು ಹಾಕಿದರೆ ನೀರು ನಾಲ್ಕೂ ದಿಕ್ಕಿಗೆ ಚಿಮ್ಮುತ್ತಲ್ಲ, ಹಾಗೆ ಬಿದ್ದ ಗಾಳಿ ನೆಲ ಹಿಡಿದು ಹರಡುತ್ತೆ. ನಮ್ಮ ಮುಖಕ್ಕೆ ಮೊದಲು ತಣ್ಣಗೆ ತಾಗೋದು ಅದು. ಮಲೆನಾಡಲ್ಲಿ ಮೋಡದ ಕೆಳಗೂ ಹಸಿಯೇ, ಹನಿ ಹನಿಯಾಗೇ ಇಳಿಯುತ್ತೆ.

ಅಕ್ಕ: ಅಂದ್ರ ಬರೋ ಮಳೀನ ನಮ್ಮ ಬಿಸಿಲು ನುಂಗಿ ಗಾಳಿ ಮಾಡಿ ಕಳಿಸ್ತೈತಿ.

ತಮ್ಮ: ಅಷ್ಟೇ. ಆ ಗಾಳಿಗೆ ಬಾಳೆ ನಿಲ್ಲೋಲ್ಲ. ಬೇರು ಆಳಕ್ಕೆ ಹೋಗಿರಲ್ಲ, ಮೇಲೆ ಗೊನೆ ಭಾರ. ಒಂದು ತೋಟದಲ್ಲಿ ಗಿಡ ಎಲ್ಲಾ ಒಂದೇ ದಿಕ್ಕಿಗೆ ಮಲಗಿದ್ದವು, ಇನ್ನು ಇಪ್ಪತ್ತು ದಿನ ಇದ್ದಿದ್ದರೆ ಗೊನೆ ಕಡಿಯೋದಿತ್ತಂತೆ. ಆ ರೈತ ಏನೂ ಮಾತಾಡಲಿಲ್ಲ. ನಾನು ಫೋಟೊ ತೆಗೆಯೋವಾಗ ಅಳತೆ ಟೇಪಿನ ಆ ತುದಿ ಹಿಡಿದುಕೊಂಡು ನಿಂತಿದ್ದ.

ಅಕ್ಕ: ಏನು ಕೊಡ್ತೀರಿ ಆತಗ?

ತಮ್ಮ: 2022ರಲ್ಲಿ ಕೇಂದ್ರ ಹೊರಡಿಸಿದ ಮಾನದಂಡದ ಪ್ರಕಾರ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500, ನೀರಾವರಿಗೆ 17,000, ಒಣಬೇಸಾಯಕ್ಕೆ 8,500. ಎರಡು ಹೆಕ್ಟೇರ್‌ವರೆಗೆ ಮಾತ್ರ. ಅದೂ ಮೂರನೇ ಒಂದು ಪಾಲಾದರೂ ಹಾಳಾಗಿದ್ದರೆ.

ಅಕ್ಕ: ಹೆಕ್ಟೇರಿಗಾ? ಎಕರೆಗಲ್ಲ? ಎರಡೂವರೆ ಎಕರೆ ಬಾಳಿ ಅಂದ್ರ ಸಸಿ ತಂದ ರೊಕ್ಕಕ್ಕೂ ಸಾಲಂಗಿಲ್ಲಲ್ಲೊ ಅದು.

ತಮ್ಮ: ಸಾಲೋಲ್ಲ. ಆದರೂ ಅದನ್ನ ಸರಿಯಾಗಿ ಬರೆದು, ಸರಿಯಾದ ಸರ್ವೆ ನಂಬರಿಗೆ, ಸರಿಯಾದ ಖಾತೆಗೆ ಹೋಗೋ ಹಾಗೆ ನೋಡೋದು ನನ್ನ ಕೈಲಿದೆ. ಗುತ್ತಿಗೆಗೆ ತೋಟ ಮಾಡಿದವನ ಹೆಸರು ಪಹಣಿಯಲ್ಲಿ ಇರಲ್ಲ. ಬೆಳೆ ಅವನದು, ಬೆವರು ಅವನದು, ದುಡ್ಡು ಭೂಮಿ ಇದ್ದವನ ಖಾತೆಗೆ. ಈ ವಾರ ನನಗೆ ನಿದ್ದೆ ಕೆಡಿಸಿದ್ದು ಅದೊಂದು.

ಅಕ್ಕ: ಅದೊಂದೇನಾ?

ತಮ್ಮ: ಇಲ್ಲ. ಇನ್ನೊಂದು ಮಾತಿದೆ. ಹಗರಿಬೊಮ್ಮನಹಳ್ಳಿ ದಾರಿಯಲ್ಲಿ ಒಂದು ಹುಣಸೆ ಮರ ನೋಡಿದೆ. ತುದಿಯಿಂದ ಬುಡದ ತನಕ ತೊಗಟೆ ಸೀಳಿತ್ತು. ಬುಡದಲ್ಲಿ ಕುರಿ ಸತ್ತುಬಿದ್ದಿದ್ದವು, ಗುಂಪಾಗಿ. ಮೈಮೇಲೆ ಒಂದು ಗಾಯವೂ ಕಾಣಲಿಲ್ಲ.

ಅಕ್ಕ: ಶಿವನೇ. ಕಾಯೋನು?

ತಮ್ಮ: ಹಳ್ಳಕ್ಕೆ ನೀರಿಗೆ ಹೋಗಿದ್ದನಂತೆ. ಉಳಿದ.

ಅಕ್ಕ: ಅಗಾ, ಅಜ್ಜ ಬಂದ. ಬಾರಜ್ಜಾ, ಕಟ್ಟಿ ಮ್ಯಾಲ ಕುಂದ್ರು. ನಮ್ಮ ಹೊಲದಾಗ ಕುರಿ ತರುಬ್ಯಾನ ತಮ್ಮಾ, ಮೂರು ರಾತ್ರಿಗೆ ಮಾತಾಡೇನಿ. ಅಜ್ಜಾ, ಈತ ಸಿಡಿಲಿನ ಮಾತು ಹೇಳಾಕತ್ತಿದ್ದ.

ಅಜ್ಜ: ಕೇಳೀನಿ. ನಮ್ಮ ಮಂದಿಗೆಲ್ಲಾ ಸುದ್ದಿ ಮುಟ್ಟೈತಿ. ಯಾಕ ಸಾಹೇಬ್ರ, ಗಿಡಕ್ಕ ಬಡದ ಸಿಡಿಲು ಗಿಡ ಬಿಟ್ಟು ಕುರಿ ಯಾಕ ಕೊಲ್ತೈತಿ?

ತಮ್ಮ: ಸಾಹೇಬ್ರು ಅನ್ನಬೇಡಜ್ಜಾ. ಸಿಡಿಲು ಮರದಲ್ಲಿ ನಿಲ್ಲಲ್ಲ, ಬುಡಕ್ಕೆ ಇಳಿದು ನೆಲದಲ್ಲಿ ಸುತ್ತ ಹರಡುತ್ತೆ. ಬುಡದ ಹತ್ತಿರ ಅದರ ಬಲ ಬಹಳ, ದೂರ ಹೋದ ಹಾಗೆ ಕಡಿಮೆ. ಕುರಿಯ ಮುಂಗಾಲು ಒಂದು ಕಡೆ, ಹಿಂಗಾಲು ಒಂದು ಕಡೆ. ಎರಡು ಕಡೆಯ ಬಲ ಬೇರೆ ಬೇರೆ ಆದದ್ದರಿಂದ ಕರೆಂಟು ಒಂದು ಕಾಲಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿಯುತ್ತೆ, ನಡುವೆ ಎದೆ ಸಿಗುತ್ತೆ. ಮನುಷ್ಯನೂ ಕಾಲು ಅಗಲಿಸಿ ನಿಂತರೆ ಅದೇ ಗತಿ. ಬಯಲಲ್ಲಿ ಸಿಕ್ಕಿಬಿದ್ದರೆ ಎರಡು ಹೆಜ್ಜೆ ಜೋಡಿಸಿ ಕುಕ್ಕರುಗಾಲಲ್ಲಿ ಕೂತುಕೊಳ್ಳಬೇಕು, ಕೈ ನೆಲಕ್ಕೆ ಊರಬಾರದು, ಮಲಗಬಾರದು. ಒಬ್ಬರಿಂದ ಒಬ್ಬರು ದೂರ ಇರಬೇಕು. ಅದರಿಂದ ಪೂರ್ತಿ ಉಳೀತೀವಿ ಅಂತಲ್ಲ, ಅಪಾಯ ಒಂದಿಷ್ಟು ಕಡಿಮೆ.

ಅಜ್ಜ: ನಾನು ಕುಕ್ಕರುಗಾಲಿಲೆ ಕುಂದ್ರತೀನಿ. ಕುರಿಗೆ ಯಾರು ಹೇಳತಾರ? ಮಳಿ ಹೊಡೆದ್ರ ಅವು ಒಂದಕ್ಕೊಂದು ತಲಿ ತುರುಕಿ ಗಿಡದ ಬುಡಕ್ಕ ಓಡ್ತಾವ. ಅವು ಓಡಿದ ಕಡೆ ನಾನು ಓಡ್ತೀನಿ.

ತಮ್ಮ: ಮಿಂಚಿದ ಮೇಲೆ ಎಣಿಸಬೇಕಜ್ಜಾ. ಮೂರು ಎಣಿಸೋ ಹೊತ್ತಿಗೆ ಗುಡುಗು ಕೇಳಿದರೆ ಸಿಡಿಲು ಒಂದು ಕಿಲೋಮೀಟರ್ ದೂರ. ಮೂವತ್ತು ಎಣಿಸೋದರೊಳಗೆ ಗುಡುಗು ಬಂತು ಅಂದರೇ ಬಯಲು ಬಿಟ್ಟು ಸೂರಿನೊಳಗೆ ಹೋಗಬೇಕು. ಕೊನೇ ಗುಡುಗು ಆಗಿ ಅರ್ಧ ತಾಸು ಹೊರಗೆ ಬರಬಾರದು.

ಅಜ್ಜ: ಸೂರು ಅಂದ್ರಿ. ಗುಡೇಕೋಟೆ ಗುಡ್ಡದ ಕಡೆಯಿಂದ ಬಂದೀನಿ ನಾನು. ಅಲ್ಲಿಂದ ಇಲ್ಲೀ ತನಕ ಬಯಲಾಗ ಸೂರೆಲ್ಲೈತಿ, ತೋರಸ್ರಿ. ಊರಾಗ ಕುರಿ ಹಿಂಡು ಹೊಡಕೊಂಡು ಹೋಗಿ ಯಾರ ಮನಿಯಾಗ ನಿಂದರಲಿ? ಕಂಬಳಿ ಕೊಪ್ಪಿ ಹಾಕ್ಕೊಂಡ್ರ ಅದೇ ನನ್ನ ಮನಿ. ಗಿಡ ಕಂಡ್ರ ಅದೇ ದೊಡ್ಡ ಮನಿ. ಗಿಡದ ಬುಡಕ್ಕ ನಿಂದ್ರಬ್ಯಾಡ ಅಂತ ರೇಡಿಯೋದಾಗೂ ಹೇಳ್ತಾರ. ಮತ್ತೆಲ್ಲಿ ನಿಂದರಲಿ ಅಂತ ಹೇಳಂಗಿಲ್ಲ.

ಅಕ್ಕ: ಅಜ್ಜ ಹೇಳೋದು ಕಳೆ ತೆಗಿಯೋ ಹೆಣ್ಮಕ್ಕಳಿಗೂ ಹತ್ತತೈತಿ. ಹೊಲದಿಂದ ಊರು ಎರಡು ಮೈಲಿ. ಮೋಡ ಏರೋದು ಕಣ್ಣಿಗೆ ಕಂಡ್ರೂ ಕೂಲಿ ತುಂಬಲಿ ಅಂತ ಇನ್ನೊಂದು ಸಾಲು ಹಿಡೀತೀವಿ. ಆಮ್ಯಾಲ ಓಡೋಕ ಉಳಿಯೋದು ಬೇವಿನ ಗಿಡ ಒಂದ.

ತಮ್ಮ: 2022ರಲ್ಲಿ ದೇಶದಲ್ಲಿ ಸಿಡಿಲಿಗೆ ಸತ್ತವರು 2,887 ಜನ. ಪ್ರಕೃತಿ ವಿಕೋಪದಲ್ಲಿ ಸತ್ತವರಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು. ಪ್ರವಾಹಕ್ಕೆ ದೋಣಿ ಬರುತ್ತೆ, ಮಂತ್ರಿಗಳು ಬರ್ತಾರೆ. ಸಿಡಿಲು ಒಂದೊಂದೇ ಹೊಲದಲ್ಲಿ ಒಬ್ಬೊಬ್ಬರನ್ನೇ ಕೊಲ್ಲೋದರಿಂದ ಯಾರ ಕಣ್ಣಿಗೂ ದೊಡ್ಡದಾಗಿ ಕಾಣೋದಿಲ್ಲ. ಮುನ್ಸೂಚನೆಗೆ ಆ್ಯಪ್ ಇವೆ. ನಮ್ಮ ರಾಜ್ಯದ್ದು ‘ಸಿಡಿಲು’ ಅಂತ, ಪುಣೆಯವರು ಮಾಡಿದ್ದು ‘ದಾಮಿನಿ’. ಒಳ್ಳೇ ಕೆಲಸವೇ. ಅಜ್ಜಾ, ನಿನ್ನ ಫೋನ್ ಯಾವುದು?

ಅಜ್ಜ: ಬಟನ್ನಿಂದು. ಚಾರ್ಜು ಊರಿಗೆ ಹೋದಾಗ.

ಅಕ್ಕ: ಮತ್ತ ಮಳಿ ಗಾಳಿ ಬಂದ ಗಳಿಗ್ಯಾಗ ಕರೆಂಟು ಹೋಗಿರ್ತೈತಿ, ಟವರೂ ಸತ್ತಿರ್ತೈತಿ. ಈ ವಾರ ಎರಡು ದಿನ ಟ್ರಾನ್ಸ್‌ಫಾರ್ಮರ್ ಸುಟ್ಟು ಕತ್ತಲಾಗಿದ್ವಿ.

ಅಜ್ಜ: ಮೈಲಾರದಾಗ ಕಾರ್ಣಿಕ ನುಡಿಯೋದು ನೋಡೀರೇನು? ಭರತ ಹುಣ್ಣಿಮಿ ಆದ ಮ್ಯಾಲ ಗೊರವಪ್ಪ ಬಿಲ್ಲು ಏರಿ ‘ಸದ್ದಲೇ’ ಅಂದ್ರ, ಅಷ್ಟು ಲಕ್ಷ ಜನ ಉಸಿರು ಹಿಡಿದು ನಿಂದ್ರತಾರ. ಒಂದು ಮಾತು ಹೇಳತಾನ. ಮಳಿ ಬೆಳಿ ಹೆಂಗ ಅಂತ ವರ್ಷ ಪೂರ್ತಿ ಅದರಾಗ ಹುಡುಕತೀವಿ. ಯಾಕ ಮುಟ್ಟತೈತಿ ಆ ಮಾತು? ಬಾಯಿಲೆ ಹೇಳ್ತಾರ, ಕಿವಿಗೆ ಬೀಳ್ತೈತಿ. ಫೋನಿನಾಗ ಬಂದದ್ದು ನನ್ನ ಕಿವಿಗೆ ಬೀಳಂಗಿಲ್ಲ.

ತಮ್ಮ: ಅದು ನನಗೆ ಹೊಳೆದೇ ಇರಲಿಲ್ಲ ನೋಡು. ಪಂಚಾಯ್ತಿಯಲ್ಲಿ ಮೈಕಿದೆ. ಗುಡಿಯಲ್ಲಿ ಇದೆ, ಮಸೀದಿಯಲ್ಲಿ ಇದೆ, ಕಸದ ಗಾಡಿಯಲ್ಲೂ ಇದೆ. ಆ್ಯಪ್ ನೋಡೋ ಒಬ್ಬ ಹುಡುಗ ಊರಲ್ಲಿ ಇದ್ದರೆ, ಸಿಡಿಲು ಬರ್ತಿದೆ ಅಂತ ಬ್ಯಾಟರಿ ಮೈಕಲ್ಲಿ ಒಂದು ಸಲ ಕೂಗಿದರೆ ಸುತ್ತಲ ಬಯಲಿಗೆ ಕೇಳುತ್ತೆ.

ಅಕ್ಕ: ಕೇಳಿದ ಮ್ಯಾಲ ಓಡೋಕ ಜಾಗ ಬೇಕು. ಅಲ್ಲಿಗೆ ಬಾ ಮೊದಲು.

ತಮ್ಮ: ಬರ್ತೀನಿ. ಸತ್ತ ಕುರಿಗೆ ಆ 2022ರ ಮಾನದಂಡದ ಪ್ರಕಾರ 4,000 ರೂಪಾಯಿ. ಒಂದು ಕುಟುಂಬಕ್ಕೆ ಮೂವತ್ತು ಕುರಿವರೆಗೆ, ಪಶುವೈದ್ಯರು ಬಂದು ನೋಡಿ ಬರೆದುಕೊಟ್ಟರೆ. ಒಂದು ಮರದ ಕೆಳಗೆ ಐವತ್ತು ಸತ್ತರೆ ಇಪ್ಪತ್ತಕ್ಕೆ ಲೆಕ್ಕವೇ ಇಲ್ಲ. ಮೂವತ್ತು ಕುರಿಯ ಪರಿಹಾರ ಅಂದರೆ ಒಂದು ಲಕ್ಷದ ಇಪ್ಪತ್ತು ಸಾವಿರ. ಸತ್ತ ಮೇಲೆ ಕೊಡೋ ಆ ದುಡ್ಡನ್ನ ಸಾಯೋಕೆ ಮೊದಲೇ ಒಂದು ಕಟ್ಟಡಕ್ಕೆ ಯಾಕೆ ಹಾಕಬಾರದು? ಬಯಲ ನಡುವೆ, ಗೋಮಾಳದಲ್ಲಿ, ನಾಲ್ಕು ಗೋಡೆಯ ಒಂದು ತಂಗುದಾಣ. ಬರೀ ತಗಡಿನ ಚಪ್ಪರ ಸಾಲದು, ಕಂಬ ನಾಲ್ಕು ನಿಲ್ಲಿಸಿ ತಗಡು ಹೊದಿಸಿದರೆ ಸಿಡಿಲಿಗೆ ಅದೂ ಮರದ ಹಾಗೇ. ಮೇಲೆ ಮಿಂಚು ಬಂಧಕ ಇರಬೇಕು, ಅದರಿಂದ ದಪ್ಪ ತಾಮ್ರದ ಪಟ್ಟಿ ಇಳಿದು ನೆಲದಲ್ಲಿ ಸರಿಯಾಗಿ ಅರ್ಥಿಂಗ್ ಆಗಿರಬೇಕು. ಒಳಗೆ ನಿಂತವರು ಗೋಡೆಗೆ ಒರಗಬಾರದು. ಶಾಲೆಗೆ, ದೊಡ್ಡ ಕಟ್ಟಡಕ್ಕೆ ಹಾಕ್ತೀವಿ, ಹೊಲಕ್ಕೆ ಹಾಕಿದ್ದು ನಮ್ಮ ಕಡೆ ನಾನು ಕಂಡಿಲ್ಲ.

ಅಕ್ಕ: ಗ್ರಾಮಸಭಿಯಾಗ ನೀನ ಹೇಳ್ತೀಯೇನು?

ತಮ್ಮ: ನಾನು ಹೇಳಿದರೆ ಅಧಿಕಾರಿ ಮಾತು. ನೀನು ಎದ್ದು ಕೇಳಬೇಕು. ಕೂಲಿಗೆ ಹೋಗೋ ಹೆಣ್ಮಕ್ಕಳೆಲ್ಲಾ ಬಂದು ಕೇಳಬೇಕು. ಕಡತ ಮೇಲೆ ಕಳಿಸೋದು, ಸರ್ವೆ ನಂಬರ್ ಹುಡುಕೋದು ನನ್ನ ಕೆಲಸ, ಅದರಲ್ಲಿ ಒಂದು ದಿನವೂ ತಡ ಮಾಡಲ್ಲ.

ಅಕ್ಕ: ಎದ್ದು ಕೇಳ್ತೀನಿ. ಜಾಗ ನಾ ತೋರಿಸ್ತೀನಿ, ಹಳ್ಳದ ಈ ದಂಡಿಗೆ, ನಾಲ್ಕು ಊರಿನ ಬಂಡಿದಾರಿ ಕೂಡೋ ಕಡೆ. ಅಲ್ಲಿಗೆ ಯಾವ ಹೊಲದಿಂದ ಓಡಿದ್ರೂ ಹದಿನೈದು ನಿಮಿಷ. ಹಳ್ಳ ಬಂದ್ರ ಆ ದಂಡಿಯವರಿಗೆ ದಾಟೋಕ ಆಗಂಗಿಲ್ಲ, ಅವರಿಗೆ ಇನ್ನೊಂದು ಬೇಕು.

ತಮ್ಮ: ಎರಡು ಅಂತಲೇ ಬರೆಯೋಣ.

ಅಜ್ಜ: ಬಾಗಿಲು ಅಗಲ ಇಡ್ರಪಾ. ಮನುಷ್ಯಾರಿಗೆ ಒಳಗ ಜಾಗ ಮಾಡಿ ಕುರಿ ಹೊರಗ ಬಿಡು ಅಂದ್ರ, ಯಾ ಕುರಿ ಕಾಯೋನೂ ಒಳಗ ನಿಂದ್ರಂಗಿಲ್ಲ.

ತಮ್ಮ: ನಿನ್ನ ಹಿಂಡು ಎಷ್ಟಜ್ಜಾ? ಅಷ್ಟೂ ಒಟ್ಟಿಗೆ ನಿಲ್ಲೋಕೆ ಎಷ್ಟು ಅಡಿ ಬೇಕು, ಹೇಳು, ಬರೆದುಕೊಳ್ತೀನಿ.